ನಾನು ಹತ್ತದ ಗಾಡಿಯ ಕಂತು

ಜನವರಿ 9

ತಕರಾರು ವಿಭಾಗದವರಿಗೆ,

ನಾನು ಹಲ್ಲು ಕಟ್ಟುವವಳು. ಕೀಳುವವರು ಡಾಕ್ಟರು, ಕಟ್ಟುವವಳು ನಾನು. ಹತ್ತೊಂಬತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಕುರ್ಚಿ. ಅಂಗಡಿ ಬಾಡಿಗೆಯದು. ಮಾಲೀಕರಿಗೆ ವಯಸ್ಸಾಯಿತು, ಮಾರುತ್ತಾರಂತೆ. "ಜೂನ್ ಮೂವತ್ತರ ಒಳಗೆ ದುಡ್ಡು ತಂದ್ರೆ ನಿಂಗೆ, ಇಲ್ಲಾಂದ್ರೆ ಪಕ್ಕದ ಜಿಮ್ಮಿನವನಿಗೆ" ಎಂದಿದ್ದಾರೆ. ಜಿಮ್ಮಿನವನು ಆಗಲೇ ಬಂದು, ತನ್ನ ಕನ್ನಡಿ ಎಲ್ಲಿ ಬರಬೇಕೆಂದು ನನ್ನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹೋಗಿದ್ದಾನೆ.

ಸಾಲ ಕೇಳಲು ಬ್ಯಾಂಕಿಗೆ ಹೋದೆ. ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿ, "ಮೇಡಂ, ಮೋಟಾರ್‌ಸೈಕಲ್ ಕಂತು ಕಟ್ಟಿಲ್ವಲ್ಲ ನೀವು" ಎಂದಳು. ಕ್ರೆಡಿಟ್ ರಿಪೋರ್ಟ್ ಎಂಬ ಕಾಗದವನ್ನು ಕೈಗಿಟ್ಟಳು. ನಿಮ್ಮ ಕಚೇರಿ ಬರೆದ ಆ ಕಾಗದದ ಪ್ರಕಾರ ನಾನು ಏಳು ವರ್ಷದ ಹಿಂದೆ ಒಂದು ಮೋಟಾರ್‌ಸೈಕಲ್ ಕೊಂಡಿದ್ದೇನೆ. ಮೂವತ್ತಾರು ಕಂತಿನಲ್ಲಿ ಇಪ್ಪತ್ತೆರಡು ಕಟ್ಟಿ, ಉಳಿದ ಹದಿನಾಲ್ಕಕ್ಕೆ ಕೈಯೆತ್ತಿದ್ದೇನೆ.

ಸ್ವಾಮಿ, ನನಗೆ ಸೈಕಲ್ಲೇ ಬರುವುದಿಲ್ಲ. ಈ ಸಾಲ ಯಾರದೆಂದು ನನಗೆ ಗೊತ್ತೂ ಇಲ್ಲ. ದಯವಿಟ್ಟು ಬೇಗ ಅಳಿಸಿ. ಜೂನ್ ದೂರವಿದೆ ಎಂದು ನಿಮಗೆ ಅನಿಸಬಹುದು. "ಸ್ವಲ್ಪ ಅಲುಗಾಡ್ತಿದೆ ಅಷ್ಟೆ" ಎಂದು ಜನ ಹೇಳಿದ ಹಲ್ಲು ಮಾರನೆಯ ದಿನ ಅವರ ಅಂಗೈಯಲ್ಲಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇತಿ,
ಹಲ್ಲು ಕಟ್ಟುವವಳು


ಜನವರಿ 28
ತಕರಾರು ಸಂಖ್ಯೆ: 4117

ಮಾನ್ಯ ಅರ್ಜಿದಾರರೇ,

ತಮ್ಮ ಪತ್ರ ತಲುಪಿದೆ. ಸದರಿ ವಾಹನ ಸಾಲವನ್ನು ತಾವು ಪಡೆದಿಲ್ಲವೆಂಬುದಕ್ಕೆ ದಾಖಲೆ ಲಗತ್ತಿಸತಕ್ಕದ್ದು. ಮೇಲ್ಕಂಡ ಸಂಖ್ಯೆಯನ್ನು ಪ್ರತಿ ಪತ್ರದ ಮೇಲ್ಭಾಗದಲ್ಲಿ ನಮೂದಿಸತಕ್ಕದ್ದು. ಸಂಖ್ಯೆಯಿಲ್ಲದ ಪತ್ರಗಳನ್ನು ಓದಲಾಗುವುದಿಲ್ಲ. ಸಂಖ್ಯೆಯುಳ್ಳ ಪತ್ರವನ್ನು, ಅದು ತಲುಪಿದ ದಿನದಿಂದ ಮೂವತ್ತು ದಿನ ಪರಿಶೀಲಿಸಿ ವಿಲೇವಾರಿ ಮಾಡಲಾಗುವುದು.

ಗುಮಾಸ್ತ, ತಕರಾರು ವಿಭಾಗ


ಫೆಬ್ರವರಿ 3
ಸಂಖ್ಯೆ: 4117

ಗುಮಾಸ್ತರೇ,

ಇದ್ದದ್ದಕ್ಕೆ ದಾಖಲೆ ಕೊಡಬಹುದು, ಇಲ್ಲದ್ದಕ್ಕೆ ಎಲ್ಲಿಂದ ತರಲಿ? ಎರಡು ದಿನ ತಲೆ ಕೆರೆದುಕೊಂಡು, ಕೊನೆಗೆ ಫೋಟೊ ಸ್ಟುಡಿಯೋಗೆ ಹೋದೆ. "ನನ್ನ ಪಕ್ಕ ಮೋಟಾರ್‌ಸೈಕಲ್ ಇಲ್ಲದಿರೋದು ಚೆನ್ನಾಗಿ ಕಾಣ್ಬೇಕು" ಎಂದೆ. ಅವನು ಒಳ್ಳೆಯ ಕೆಲಸಗಾರ. ಏನೂ ಕೇಳದೆ ಮೂರು ಹೆಜ್ಜೆ ಹಿಂದೆ ಸರಿದು ತೆಗೆದ. ಬಲಗಡೆ ಖಾಲಿ ಜಾಗ ಕಾಣುತ್ತದಲ್ಲ, ಅದೇ.

ಜೊತೆಗೆ ನಮ್ಮ ಬೀದಿಯ ಏಳು ಮಂದಿ ಸಹಿ ಹಾಕಿದ ಕಾಗದವನ್ನೂ ಇಟ್ಟಿದ್ದೇನೆ: "ಈಕೆ ದಿನಾ ಬೆಳಿಗ್ಗೆ ಬಸ್ಸಿನ ಹಿಂದೆ ಓಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ." ಎಂಟನೆಯವನು ಜಿಮ್ಮಿನವನು. ಅವನು ಸಹಿ ಹಾಕಲಿಲ್ಲ. ಓಟ ಆರೋಗ್ಯಕ್ಕೆ ಒಳ್ಳೆಯದು ಎಂದ.


ಫೆಬ್ರವರಿ 26
ತಕರಾರು ಸಂಖ್ಯೆ: 4117

ಮಾನ್ಯ ಅರ್ಜಿದಾರರೇ,

ಸಾಲ ನೀಡಿದ ಸಂಸ್ಥೆಯನ್ನು ವಿಚಾರಿಸಲಾಗಿ, ಅರ್ಜಿಯಲ್ಲಿರುವ ವಿವರಗಳೂ ಸಹಿಯೂ ತಮ್ಮವೇ ಎಂದು ತಿಳಿಸಿರುತ್ತಾರೆ. ಆದ್ದರಿಂದ ನಮೂದು ಸದ್ಯಕ್ಕೆ ಹಾಗೆಯೇ ಮುಂದುವರಿಯುತ್ತದೆ.

ಗುಮಾಸ್ತ, ತಕರಾರು ವಿಭಾಗ

ವಿ.ಸೂ.: ಫೋಟೊವನ್ನು ಕಡತಕ್ಕೆ ಸೇರಿಸಿದ್ದೇನೆ. ಖಾಲಿ ಜಾಗ ಸ್ಪಷ್ಟವಾಗಿದೆ. ಇನ್ನೊಂದು ಮಾತು, ಕಚೇರಿಯದ್ದಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ಮೇಲಿನ ಸಾಲಿನ ಎದುರು ಹಲ್ಲು ಎರಡು ಹೋಗಿವೆ. ಎರಡನ್ನೇ ಕಟ್ಟಿಸಬಹುದೋ, ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನೂ ಕೀಳಿಸಬೇಕೋ ಎಂದು ಕೇಳುತ್ತಿದ್ದಾರೆ. ಬಿಟ್ಟ ಜಾಗದಲ್ಲಿ ಚಳಿಗಾಲದಲ್ಲಿ ಗಾಳಿ ತಾಗಿ ಬಲಗಡೆಯ ಹಲ್ಲು ಜುಮ್ಮೆನ್ನುತ್ತದಂತೆ.


ಮಾರ್ಚ್ 2
ಸಂಖ್ಯೆ: 4117

ಗುಮಾಸ್ತರೇ,

ಕೈಬರಹದಲ್ಲಿ ನಾಲ್ಕು ಸಾಲು ಬರೆದಿರಿ, ತುಂಬ ಉಪಕಾರವಾಯಿತು. ಅಲ್ಲಿಯವರೆಗೆ ನಾನು ಯಂತ್ರದ ಜೊತೆ ಜಗಳವಾಡುತ್ತಿದ್ದೇನೆ ಎಂದುಕೊಂಡಿದ್ದೆ.

ನಿಮ್ಮ ಸಹೋದ್ಯೋಗಿಗೆ ಹೇಳಿ: ಗಟ್ಟಿ ಹಲ್ಲನ್ನು ಯಾರಾದರೂ ಕೀಳುತ್ತೇನೆಂದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡಲಿ. ಎರಡಕ್ಕೆ ಎರಡೇ ಸಾಕು.

ಸಹಿಯ ವಿಚಾರಕ್ಕೆ ಬಂದರೆ, ಲೋಕದಲ್ಲಿ ಒಂದೇ ಥರದ ಸಹಿ ಎಷ್ಟೋ ಜನಕ್ಕೆ ಇರುತ್ತದೆ. ಅದನ್ನು ಅಷ್ಟಾಗಿ ಕೆದಕಬೇಡಿ. ಸುಮ್ಮನೆ ಅಳಿಸಿಬಿಡಿ. ಮತ್ತೊಮ್ಮೆ ಧನ್ಯವಾದ.


ಮಾರ್ಚ್ 10
ತಕರಾರು ಸಂಖ್ಯೆ: 4117

ಮಾನ್ಯ ಮೇಡಂ,

ನಿಮ್ಮ ಧನ್ಯವಾದ ತಲುಪಿತು. ಮೇಲೆ ಸಂಖ್ಯೆ ಇದ್ದುದರಿಂದ ಅದನ್ನು ಹೊಸ ತಕರಾರೆಂದು ದಾಖಲಿಸಿ ಸೀಲು ಒತ್ತಲಾಗಿದೆ. ಹಾಗಾಗಿ ಮೂವತ್ತು ದಿನದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಪರಿಶೀಲನೆ ನಡೆಯುವಾಗ ರಿಪೋರ್ಟನ್ನು ಯಾರೂ ಮುಟ್ಟುವಂತಿಲ್ಲ, ನಾನೂ ಕೂಡ.

ಮಾತು ಬೆಳ್ಳಿ, ಮೌನ ಬಂಗಾರ. ದಯವಿಟ್ಟು ಉತ್ತರ ಬರೆಯಬೇಡಿ.

ಗುಮಾಸ್ತ


ಮಾರ್ಚ್ 13
ಸಂಖ್ಯೆ: 4117

ಆಗಲಿ, ಬರೆಯುವುದಿಲ್ಲ.


ಮಾರ್ಚ್ 20
ತಕರಾರು ಸಂಖ್ಯೆ: 4117

ಮೇಡಂ,

ಬರೆಯುವುದಿಲ್ಲ ಎಂದು ಬರೆದಿದ್ದೀರಿ. ಸಂಖ್ಯೆಯನ್ನೂ ಹಾಕಿದ್ದೀರಿ. ಸೀಲು ಒತ್ತಿದ್ದೇನೆ.

ಈ ನಿಯಮ ನಾನು ಮಾಡಿದ್ದಲ್ಲ. ಆದರೆ ಇಪ್ಪತ್ತಾರು ವರ್ಷದಲ್ಲಿ ಒಂದು ಪತ್ರವನ್ನೂ ಸೀಲು ಒತ್ತದೆ ಬಿಟ್ಟವನಲ್ಲ ನಾನು. ಒಂದಕ್ಕೆ ಬಿಟ್ಟರೆ ಇನ್ನೊಂದಕ್ಕೆ ಯಾವ ಮುಖದಲ್ಲಿ ಒತ್ತಲಿ?

ಹೇಗೂ ಲೆಕ್ಕ ಹೊಸದಾಗಿ ಶುರುವಾಗಿದೆ, ಒಂದು ವಿಷಯ ಕೇಳಿಬಿಡುತ್ತೇನೆ. ಸಾಲದ ಅರ್ಜಿಯ ನಕಲು ತರಿಸಿದೆ. ಸಾಲಗಾರರ ಜಾಗದಲ್ಲಿ ನಿಮ್ಮ ಸಹಿ ಇದೆ. ನಿಮ್ಮ ಹನ್ನೊಂದು ಪತ್ರದ ಸಹಿಯ ಪಕ್ಕ ಇಟ್ಟು ನೋಡಿದೆ ಎಂದು ಬರೆಯಲು ಹೊರಟಿದ್ದೆ. ಎಣಿಸಿದರೆ ನಾಲ್ಕೇ ಪತ್ರ. ಹೆಚ್ಚು ಅನಿಸಿತ್ತು. ಸಹಿ ನಿಮ್ಮದೇ. ಸಾಕ್ಷಿಯ ಜಾಗದಲ್ಲಿ ಒಬ್ಬ ಗಂಡಸಿನ ಸಹಿ ಇದೆ, ಉದ್ಯೋಗ "ಬ್ರಷ್ ಮಾರಾಟ" ಎಂದಿದೆ. ಇವರು ಯಾರು?

ಇದಕ್ಕೆ ನಿಜ ಬರೆಯಿರಿ. ಮೂವತ್ತು ದಿನ ಹೋದರೂ ಹೋಗಲಿ.

ಗುಮಾಸ್ತ


ಏಪ್ರಿಲ್ 11
ಸಂಖ್ಯೆ: 4117

ಗುಮಾಸ್ತರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಬರೆಯಬೇಡಿ ಎಂದಾಗ ಬರೆದೆ, ಬರೆಯಿರಿ ಎಂದಾಗ ಕೈ ಏಳಲಿಲ್ಲ. ಸಾಲ ಯಾರದೆಂದು ಗೊತ್ತಿಲ್ಲ ಎಂದದ್ದು ಸುಳ್ಳು.

ಅವನು ಹಲ್ಲುಜ್ಜುವ ಬ್ರಷ್ ಮಾರುವವನು. ಮಾರುವವನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. "ಬ್ರಷ್ ತೋರಿಸಿದ್ರೆ ಜನ ನನ್ ಬಾಯಿ ನೋಡ್ತಾರೆ" ಎಂದು ಬಂದ. ಹಲ್ಲುಸೆಟ್ ಕಟ್ಟಲು ನಾಲ್ಕು ಸಲ ಬಂದರೆ ಸಾಕು, ಇವನು ಹನ್ನೊಂದು ಸಲ ಬಂದ. ನಾನೂ ಬೇಡ ಎನ್ನಲಿಲ್ಲ. ಬಂದಾಗಲೆಲ್ಲ ಒಂದು ಬ್ರಷ್ ಕೊಡುತ್ತಿದ್ದ. ಅವುಗಳಲ್ಲಿ ಒಂಬತ್ತು ಇನ್ನೂ ಇವೆ.

ಹೊಸ ಸೆಟ್ ಹಾಕಿದ ಮೂರು ದಿನ ಮಾತಾಡಬಾರದು, ಸೆಟ್ ಕೂತುಕೊಳ್ಳಬೇಕು. ಇದು ನನ್ನ ಅಂಗಡಿಯ ನಿಯಮ. ಎರಡನೆಯ ದಿನ ಅವನು ಬಂದು ಸನ್ನೆ ಮಾಡಿ ನನ್ನನ್ನು ಮೋಟಾರ್‌ಸೈಕಲ್ ಶೋರೂಮಿಗೆ ಕರೆದುಕೊಂಡು ಹೋದ. ಅವನ ಸಾಲಕ್ಕೆ ನಾನು ಸಾಕ್ಷಿ ಹಾಕಬೇಕಿತ್ತು. ಅಲ್ಲಿಯವನು ಹೆಸರೇನು, ಕೆಲಸವೇನು ಎಂದು ಕೇಳಿದ. ಇವನು ಬಾಯಿ ತೆರೆಯದೆ ನನ್ನ ಕಡೆ ಕೈ ತೋರಿಸಿದ. ಹಾಗಾದರೆ ಕೊಳ್ಳುವವಳು ಈಕೆಯೇ ಎಂದುಕೊಂಡ ಆ ಮನುಷ್ಯ ಎಲ್ಲವನ್ನೂ ನನ್ನನ್ನೇ ಕೇಳುತ್ತಾ ಹೋದ. ಸಾಕ್ಷಿಗೆ ಇಷ್ಟೆಲ್ಲ ಬೇಕೇನೋ ಎಂದುಕೊಂಡು ನಾನು ಹೇಳುತ್ತಾ ಹೋದೆ. "ಕೆಂಪು ಬಣ್ಣ ಆಗ್ಬಹುದಾ ಮೇಡಂ?" ಎಂದಾಗಲೂ "ಆಗ್ಬಹುದು" ಎಂದವಳು ನಾನೇ. ಆಗಲಾದರೂ ನನಗೆ ಹೊಳೆಯಬೇಕಿತ್ತು. ನನ್ನ ತಲೆ ಎಲ್ಲೋ ಇತ್ತು. ಅವನು ಬೆರಳಿಟ್ಟ ಕಡೆ ಸಹಿ ಹಾಕಿದೆ.

ನಾಲ್ಕನೆಯ ದಿನ ಅವನು ಮಾತಾಡಬಹುದಿತ್ತು. ಮೊದಲು ಏನು ಹೇಳುತ್ತಾನೋ ಎಂದು ನಾನು ಮಧ್ಯಾಹ್ನವೇ ಗಿರಾಕಿಗಳನ್ನು ಕಳಿಸಿ, ಹೊಸ ಸೀರೆ ಉಟ್ಟು ಕೂತಿದ್ದೆ. ಅವನು ಬರಲಿಲ್ಲ. ಉಂಡೂ ಹೋದ, ಕೊಂಡೂ ಹೋದ. ಆ ವರ್ಷವೇ ನಾನು ಮನೆ ಬದಲಿಸಿದೆ. ಕಂತಿನ ನೋಟೀಸೆಲ್ಲ ಹಳೆಯ ಮನೆಗೆ ಹೋಗಿರಬೇಕು.

ಆ ಬ್ಯಾಂಕಿನ ಹುಡುಗಿ ಮೋಟಾರ್‌ಸೈಕಲ್ ಎಂದ ತಕ್ಷಣ ನನಗೆ ಎಲ್ಲ ನೆನಪಾಯಿತು. ನಾಚಿಕೆಯಾದದ್ದು ಸಾಲಕ್ಕಲ್ಲ. ನಲವತ್ತು ದಾಟಿದ ಹೆಂಗಸು ಹೊಸ ಸೀರೆ ಉಟ್ಟು ಕೂತಿದ್ದಳಲ್ಲ, ಅದಕ್ಕೆ. ಅದನ್ನು ಯಾವ ರಿಪೋರ್ಟಿನಲ್ಲೂ ಯಾರೂ ಬರೆದಿರಲಿಲ್ಲ, ಈಗ ನಾನೇ ಬರೆದುಕೊಟ್ಟಿದ್ದೇನೆ. ಇದಕ್ಕೂ ಸೀಲು ಒತ್ತಿ.


ಏಪ್ರಿಲ್ 20
ತಕರಾರು ಸಂಖ್ಯೆ: 4117

ಮಾನ್ಯ ಅರ್ಜಿದಾರರೇ,

ತಮ್ಮ ಪತ್ರ ತಲುಪಿದೆ. ಸಾಲ ತನ್ನದೆಂದು ಸಾಕ್ಷಿದಾರರೇ ಬರೆದು ಸಹಿ ಹಾಕಿಕೊಟ್ಟಲ್ಲಿ ಮಾತ್ರ ತಿದ್ದುಪಡಿ ಸಾಧ್ಯ. ಅವರ ವಿಳಾಸವನ್ನು ತಮಗೆ ತಿಳಿಸಲು ನಿಯಮವಿಲ್ಲ.

ತಮ್ಮ ಗಮನಕ್ಕೆ ನಿಯಮ ಒಂಬತ್ತು: "ಅರ್ಜಿದಾರರು ಲಗತ್ತಿಸುವ ಯಾವುದೇ ಕಾಗದದ ಪ್ರತಿಯನ್ನು ಸಾಕ್ಷಿದಾರರಿಗೂ ಕಚೇರಿಯ ಖರ್ಚಿನಲ್ಲಿ ಅಂಚೆ ಮೂಲಕ ಕಳಿಸತಕ್ಕದ್ದು."

ಗುಮಾಸ್ತ, ತಕರಾರು ವಿಭಾಗ

ವಿ.ಸೂ.: "ಯಾವುದೇ ಕಾಗದ" ಎಂಬಲ್ಲಿ ಇರುವ ಕೆಂಪು ಗೆರೆ ಕೈ ತಪ್ಪಿ ಬಿದ್ದದ್ದು. ಎರಡು ಸಲ ತಪ್ಪಿತು.


ಏಪ್ರಿಲ್ 24
ಸಂಖ್ಯೆ: 4117

ಗುಮಾಸ್ತರೇ,

ನಿಮ್ಮ ಪತ್ರ ಓದಿ ಮೊದಲು ಮೈಯೆಲ್ಲ ಉರಿಯಿತು. ನಾನು ಮನಸ್ಸು ಬಿಚ್ಚಿ ಬರೆದರೆ ಇವರು "ತಕ್ಕದ್ದು, ತಕ್ಕದ್ದು" ಎನ್ನುತ್ತಾರಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡೆ. ಆಮೇಲೆ, ಹಾಗಾದರೆ ಆ ಖಾಲಿ ಜಾಗದ ಫೋಟೊ ಅವನಿಗೂ ಹೋಗಿದೆಯಲ್ಲಾ ಎಂದು ಇನ್ನಷ್ಟು ಉರಿಯಿತು. ಕೆಂಪು ಗೆರೆ ಕಂಡದ್ದು ಮಾರನೆಯ ದಿನ, ಒಬ್ಬರ ದವಡೆಯ ಅಚ್ಚಿಗೆ ಪ್ಲಾಸ್ಟರ್ ಹುಯ್ಯುತ್ತಿದ್ದಾಗ. ಪ್ಲಾಸ್ಟರ್ ಅಲ್ಲೇ ಗಟ್ಟಿಯಾಗಿ ಹೋಯಿತು. ನಿಮ್ಮನ್ನು ಕೋಣ ಎಂದದ್ದನ್ನು ಹಿಂದೆ ತೆಗೆದುಕೊಂಡಿದ್ದೇನೆ.

ಹಲ್ಲಿಲ್ಲದ ದವಡೆ ವರ್ಷ ವರ್ಷವೂ ಸವೆಯುತ್ತದೆ. ಏಳು ವರ್ಷದ ಸೆಟ್ ಬಾಯಲ್ಲಿ ನಿಲ್ಲುವುದಿಲ್ಲ, ಟಕಟಕ ಎನ್ನುತ್ತದೆ. ಅವನ ದವಡೆ ಎಡಕ್ಕೆ ವಾಲಿದ ದವಡೆ, ಬೇರೆ ಯಾರ ಕೈಗೂ ಬಗ್ಗುವುದಿಲ್ಲ.

ಲಗತ್ತು: ಕರಪತ್ರ ಒಂದು. "ಏಳು ವರ್ಷ ಹಳೆಯ ಸೆಟ್ಟುಗಳ ಉಚಿತ ಸರಿಪಡಿಕೆ. ಮೇ ತಿಂಗಳು ಮಾತ್ರ." ಅಚ್ಚು ಹಾಕಿಸಿದ್ದು ಇದೊಂದೇ ಪ್ರತಿ.


ಮೇ 21
ಸಂಖ್ಯೆ: 4117

ಗುಮಾಸ್ತರೇ,

ಬಂದ! ಅದೇ ಕೆಂಪು ಗಾಡಿಯಲ್ಲಿ. ಹಿಂದಿನ ಸೀಟಿನಲ್ಲಿ ಹೆಂಡತಿ. ಆಕೆ ಇಳಿದು ನಕ್ಕಳು; ಮೂವತ್ತೆರಡೂ ಸ್ವಂತದ್ದು.

"ಪೂರ್ತಿ ಲೂಸಾಗಿದೆ, ಊಟ ಮಾಡೋವಾಗ ಟಕಟಕ ಅನ್ನುತ್ತೆ" ಎಂದ. ಸೆಟ್ ತೆಗೆಸಿ ನೀರಿನ ಬಟ್ಟಲಿಗೆ ಹಾಕಿ, ಬಟ್ಟಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೆ, ಸಾಲ ಅವನದೆಂದು ಬರೆದಿಟ್ಟಿದ್ದ ಕಾಗದವನ್ನೂ ಪೆನ್ನನ್ನೂ ಅವನ ಮುಂದಿಟ್ಟೆ. ಅವನು ಏನೋ ಹೇಳಿದ, ಬರೀ ಗಾಳಿ ಬಂತು. ಕಾಗದವನ್ನು ಹೆಂಡತಿ ತೆಗೆದುಕೊಂಡು ಓದಿದಳು.

"ಗಾಡಿ ಸಾಲ ಎಂದೋ ತೀರ್ತು ಅಂದಿದ್ರಲ್ಲ ನನ್ಹತ್ರ?"

ಅವನು ನನ್ನ ಕಡೆ ಕೈ ತೋರಿಸಿದ. ಏಳು ವರ್ಷದ ಹಿಂದೆ ತೋರಿಸಿದ್ದನಲ್ಲ, ಅದೇ ಕೈ.

"ಅವರ ಕಡೆ ಯಾಕ್ರೀ ತೋರಿಸ್ತೀರಿ? ನಿಮ್ ಬಾಯಿ ಎಲ್ಲಿ ಹೋಯ್ತು?"

"ಕಪಾಟಲ್ಲಿದೆ" ಎಂದೆ.

ಆಕೆ ಒಂದು ಕ್ಷಣ ನನ್ನ ಮುಖ ನೋಡಿದಳು. ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ, ಪೆನ್ನನ್ನು ಅವನ ಕೈಗೆ ತುರುಕಿ, "ಸಹಿ ಹಾಕಿ. ಬಾಕಿ ಕಂತು ನಾಳೆನೇ ಕಟ್ತೀರಿ, ನಾನೂ ಬರ್ತೀನಿ. ಅಲ್ಲೀವರೆಗೂ ನೀವು ಹಲ್ಲಿಲ್ದೆ ಇದ್ರೂ ನಂಗೇನೂ ಬೇಜಾರಿಲ್ಲ" ಎಂದಳು.

ಸಹಿ ಹಾಕಿದ. ಉಚಿತ ಎಂದ ಮೇಲೆ ಉಚಿತವೇ, ಒಂದೂವರೆ ಗಂಟೆ ಕೂತು ಸೆಟ್ಟನ್ನು ಚೆನ್ನಾಗಿಯೇ ಸರಿಮಾಡಿಕೊಟ್ಟೆ. ಹಲ್ಲಿಗೆ ಮೋಸ ಮಾಡಬಾರದು. ಬಾಯಿಗೆ ಕೂತ ಕೂಡಲೇ ಅವನು, "ಆ ನಾಲ್ಕನೇ ದಿನ ನಾನು…" ಎಂದು ಶುರುಮಾಡಿದ. "ಮೂರು ದಿನ ಮಾತಾಡ್ಬೇಡಿ, ಸೆಟ್ ಕೂತ್ಕೋಬೇಕು" ಎಂದು ಬಾಗಿಲು ತೋರಿಸಿದೆ.

ಗಾಡಿಯ ಸದ್ದು ಬೀದಿ ದಾಟುವವರೆಗೂ ನಿಂತಿದ್ದೆ. ಅಳು ಬರಬಹುದೇನೋ ಎಂದು ಕಾದೆ. ನಗು ಬಂತು. ನಿಮಗೆ ಯಾವಾಗ ಬರೆಯುತ್ತೇನೋ ಎಂದು ಅನಿಸಿತು.

ಅವನ ಹೇಳಿಕೆ ಲಗತ್ತಿಸಿದೆ. ಇದು ಇಪ್ಪತ್ತನಾಲ್ಕಕ್ಕೆ ನಿಮಗೆ ಸಿಕ್ಕರೆ ಜೂನ್ ಇಪ್ಪತ್ತಮೂರಕ್ಕೆ ಮೂವತ್ತು ದಿನ. ಇನ್ನು ನಾನು ತುಟಿ ಬಿಚ್ಚುವುದಿಲ್ಲ.


ಜೂನ್ 11
ಸಂಖ್ಯೆ: 4117

ಗುಮಾಸ್ತರೇ, ಕಾಗದ ತಲುಪಿತೇ? ಒಂದು ಸಾಲೂ ಇಲ್ಲವಲ್ಲ. ಜಿಮ್ಮಿನವನು ನಿನ್ನೆ ಟೇಪು ಹಿಡಿದು ಬಂದು ನನ್ನ ಕುರ್ಚಿಯ ಜಾಗ ಅಳೆದ. ನಿಮ್ಮ ಮೈಗೆ ಹುಷಾರಿದೆ ತಾನೇ?


ಜೂನ್ 12

ಗುಮಾಸ್ತರೇ,

ಇದರ ಮೇಲೆ ಸಂಖ್ಯೆ ಹಾಕಿಲ್ಲ. ಓದುವುದಿಲ್ಲವೆಂದು ಗೊತ್ತು. ಆದರೂ ಬರೆಯುತ್ತಿದ್ದೇನೆ, ಬರೆಯದೆ ಇದ್ದರೆ ಎದೆ ಒಡೆಯುತ್ತದೆ.

ನಿನ್ನೆ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿದ ಮರುಕ್ಷಣ, ಅದರ ಮೇಲೆ ಸಂಖ್ಯೆ ಹಾಕಿದ್ದು ನೆನಪಾಯಿತು. ಡಬ್ಬದೊಳಗೆ ಕೈ ಹಾಕಿದೆ, ಮೊಣಕೈವರೆಗೂ ಹೋಯಿತು, ಕಾಗದ ಸಿಗಲಿಲ್ಲ. ಕೈ ಹೊರಗೆ ಬರಲೂ ಇಲ್ಲ. ಅಂಚೆಯವನು ಬಂದು ಬೀಗ ತೆಗೆದು ಬಿಡಿಸಿದ. "ಒಳಗೆ ಬಿದ್ಮೇಲೆ ಅದು ನಿಮ್ದಲ್ಲಮ್ಮ" ಎಂದು ಅದನ್ನು ಕಣ್ಣೆದುರೇ ಚೀಲಕ್ಕೆ ಹಾಕಿಕೊಂಡು ಹೋದ.

ನೀವು ಸೀಲು ಒತ್ತುತ್ತೀರಿ. ಒತ್ತಲೇಬೇಕು. ಜುಲೈವರೆಗೆ ರಿಪೋರ್ಟನ್ನು ಯಾರೂ ಮುಟ್ಟುವ ಹಾಗಿಲ್ಲ. ಹತ್ತೊಂಬತ್ತು ವರ್ಷದ ಅಚ್ಚುಗಳು ಗೋಡೆ ತುಂಬ ಇವೆ. ಅವನ್ನು ಎಲ್ಲಿಗೆ ಹೊತ್ತುಕೊಂಡು ಹೋಗಲಿ? ತಪ್ಪು ನಿಮ್ಮದಲ್ಲ. ಮೂರು ದಿನ ಮಾತಾಡಬೇಡಿ ಎಂದು ಊರಿಗೆಲ್ಲ ಹೇಳುವವಳಿಗೆ ಮೂವತ್ತು ದಿನ ಸುಮ್ಮನಿರಲು ಆಗಲಿಲ್ಲ.


ಜೂನ್ 25
ಮನೆಯಿಂದ

ಹಲ್ಲಿನ ಮೇಡಂ ಅವರಿಗೆ,

ತಿದ್ದಿದ ರಿಪೋರ್ಟನ್ನು ಇದರೊಂದಿಗೆ ಕಳಿಸಿದ್ದೇನೆ. ತಾರೀಖು ಜೂನ್ 23. ಬ್ಯಾಂಕಿಗೂ ಒಂದು ಪ್ರತಿ ಹೋಗಿದೆ. ಅದರ ಪ್ರಕಾರ ನಿಮ್ಮ ಹತ್ತಿರ ಮೋಟಾರ್‌ಸೈಕಲ್ ಇಲ್ಲ.

ನಿಮ್ಮ ಜೂನ್ 11ರ ಪತ್ರ ನಮ್ಮ ಕಚೇರಿಗೆ ಬಂದಿಲ್ಲ. ಬಂದದ್ದು ನನ್ನ ಮೇಜಿಗೆ. ಸೀಲನ್ನು ಇಂಕಿನ ಪ್ಯಾಡಿಗೆ ಒತ್ತಿ ಎತ್ತಿಯೂ ಆಗಿತ್ತು. "ನಿಮ್ಮ ಮೈಗೆ ಹುಷಾರಿದೆ ತಾನೇ" ಎಂಬ ಸಾಲು ಕಣ್ಣಿಗೆ ಬಿತ್ತು. ಇದಕ್ಕೆ ಯಾವ ವಿಭಾಗದ ಸೀಲು ಒತ್ತುವುದು? ಪತ್ರವನ್ನು ಮಡಚಿ ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಸೀಲನ್ನು ನನ್ನ ಕೈಗೇ ಒತ್ತಿಕೊಂಡುಬಿಟ್ಟಿದ್ದೆ, ಎರಡು ದಿನ ಹೋಗಲಿಲ್ಲ. ನಾನು ಮಾಡಿದ್ದು ತಪ್ಪು. ಇಪ್ಪತ್ತಾರು ವರ್ಷದಲ್ಲಿ ಮೊದಲನೆಯದು. ಆ ರಾತ್ರಿ ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದೆ, ಚೆನ್ನಾಗಿ ಬಂತು.

ಸಂಖ್ಯೆಯಿಲ್ಲದ ಪತ್ರವನ್ನೂ ಓದಿದೆ. ಮೂರು ಸಲ.

ಇನ್ನೊಂದು ತಿದ್ದುಪಡಿ ಬಾಕಿಯಿದೆ. ನನ್ನ ಸಹೋದ್ಯೋಗಿ ಎಂದು ಬರೆಯುತ್ತಿದ್ದೆನಲ್ಲ. ನಮ್ಮ ವಿಭಾಗದಲ್ಲಿರುವುದು ನಾನೊಬ್ಬನೇ. ಹನ್ನೊಂದು ವರ್ಷದಿಂದ ನಗು ಬಂದಾಗಲೆಲ್ಲ ಕಡತವನ್ನು ಬಾಯಿಗೆ ಅಡ್ಡ ಹಿಡಿಯುತ್ತೇನೆ. ಈ ವರ್ಷ ಹೆಚ್ಚು ಹಿಡಿದದ್ದು ನಿಮ್ಮ ಕಡತವನ್ನೇ, ಅಂಚು ಸವೆದುಹೋಗಿದೆ.

ಎರಡಕ್ಕೆ ಎರಡೇ ಸಾಕು ಎಂದಿದ್ದಿರಿ. ನಿಮ್ಮ ಊರಿಗೆ ಒಂದು ಹಗಲಿನ ದಾರಿ. ಬರಲೇ?

ಇತಿ,
ಸೀಲು ಒತ್ತದವನು


ಜುಲೈ 4

ಸೀಲಿನವರೇ,

ಅಂಗಡಿ ನನ್ನದಾಯಿತು. ಮೂವತ್ತನೆಯ ತಾರೀಖು ಸಂಜೆ ನಾಲ್ಕಕ್ಕೆ ಸಹಿ ಹಾಕಿದೆ. ಈ ಸಲ ಮೇಲಿನಿಂದ ಕೆಳಗಿನವರೆಗೆ ಒಂದೊಂದಕ್ಷರ ಓದಿ, ಯಾವ ಜಾಗದಲ್ಲಿ ಎಂದು ಎರಡು ಸಲ ಕೇಳಿ ಹಾಕಿದೆ. ಜಿಮ್ಮಿನವನ ಪೆನ್ಸಿಲ್ ಗೆರೆಯನ್ನು ಅವನ ಕೈಯಲ್ಲೇ ಅಳಿಸಿಸಿದೆ. ಒಳ್ಳೆಯ ತೋಳು, ಬೇಗ ಅಳಿಸಿದ.

ಸಹೋದ್ಯೋಗಿಯ ವಿಷಯ ನನಗೆ ನಿಮ್ಮ ಫೆಬ್ರವರಿಯ ಪತ್ರದಲ್ಲೇ ಗೊತ್ತಾಗಿತ್ತು. ಬಿಟ್ಟ ಜಾಗಕ್ಕೆ ಗಾಳಿ ತಾಗಿದರೆ ಬಲಗಡೆಯ ಹಲ್ಲು ಜುಮ್ಮೆನ್ನುತ್ತದೆ ಎಂದು ಬರೆದಿದ್ದಿರಿ. ಅದು ಆ ಬಾಯಿಯ ಯಜಮಾನನಿಗೆ ಮಾತ್ರ ಗೊತ್ತಿರುವ ಸಂಗತಿ.

ಬನ್ನಿ. ಬರುವಾಗ ನಿಮ್ಮ ಕ್ರೆಡಿಟ್ ರಿಪೋರ್ಟ್ ತನ್ನಿ. ನೋಡದೆ ನಾನು ಇನ್ನು ಯಾರ ಬಾಯಿಗೂ ಕೈ ಹಾಕುವುದಿಲ್ಲ. ಬಸ್ಸಿನಲ್ಲಿ ಬನ್ನಿ, ಗಾಡಿ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಎರಡು ಹಲ್ಲಿಗೆ ನಾಲ್ಕು ಸಲ ಬರಬೇಕಾಗುತ್ತದೆ. ಹನ್ನೊಂದು ಸಲ ಬಂದರೂ ನಾನು ಲೆಕ್ಕ ಇಡುವುದಿಲ್ಲ.

ಒಂದು ವಿಷಯ ಮೊದಲೇ ತಿಳಿಸಿರುತ್ತೇನೆ. ಹಲ್ಲು ಕಟ್ಟಿದ ಮೇಲೆ ಮೂರು ದಿನ ಮಾತಾಡಬಾರದು ಎಂಬ ನಿಯಮವನ್ನು ಈ ಅಂಗಡಿಯಲ್ಲಿ ತೆಗೆದುಹಾಕಿದ್ದೇನೆ. ಹೇಳಬೇಕಾದ್ದೇನಿದ್ದರೂ ಕುರ್ಚಿಯಿಂದ ಏಳುವ ಮೊದಲೇ ಹೇಳತಕ್ಕದ್ದು.

ಇತಿ,
ಹಲ್ಲು ಕಟ್ಟುವವಳು